ರಾತ್ರಿ ರಿಲೇ ಓಟ: ಎರಡು ವ್ಯಾನ್ ಬಿಟ್ಟು ಮೂರು ಕಾರಿಗೆ ಹೋದ ನನ್ನ ಅನುಭವ

ಹನ್ನೆರಡು ಜನರ ತಂಡವನ್ನು ಎರಡು ವ್ಯಾನಿಗೆ ಆರಾರು ಜನರಂತೆ ತುಂಬುವುದು ಬಿಡಿ, ಮೂರು ಸಣ್ಣ ಕಾರಿಗೆ ನಾಲ್ಕು ನಾಲ್ಕು ಜನರಂತೆ ಹಂಚಿ, ಒಬ್ಬರಾದ ಮೇಲೆ ಒಬ್ಬರು ಹಗಲು ರಾತ್ರಿ ಓಡುವ ಈ ರಾತ್ರಿ ರಿಲೇ ಬೇಗ ಮುಗಿಯುತ್ತದೆ ಅಂತ ನಾನು ತುಂಬಾ ದಿನದಿಂದ ಹೇಳುತ್ತಿದ್ದೆ. ಯಾರೂ ಒಪ್ಪಿರಲಿಲ್ಲ. ಗಾಡಿ ಜಾಸ್ತಿ ಆದರೆ ಗೊಂದಲ ಜಾಸ್ತಿ, ಖರ್ಚು ಜಾಸ್ತಿ, ಯಾವುದೋ ಒಂದು ಕಾರು ದಾರಿ ತಪ್ಪುತ್ತದೆ, ಎಕ್ಸ್‌ಚೇಂಜ್ (ಒಬ್ಬರು ಓಡಿ ಮುಗಿಸಿ ಮುಂದಿನವರು ಶುರು ಮಾಡುವ ಜಾಗ) ಹತ್ತಿರ ಬಿಡುವುದೇ ಇಲ್ಲ, ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ನಮಗಿಂತ ಎಷ್ಟೋ ಮೊದಲಿನಿಂದ ರಿಲೇ ಓಡುತ್ತಿರುವ ಇನ್ನೊಂದು ತಂಡದ ಹಿರಿಯರು, 'ಎಲ್ಲರೂ ಆರು ಆರು ಮಾಡುವುದಕ್ಕೆ ಕಾರಣ ಇದೆಯಪ್ಪ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ' ಅಂದರು. ಈ ಸಲ ಹಟ ಹಿಡಿದು ಮೂರು ಕಾರೇ ಮಾಡಿಸಿದೆ. ಓಟ ಸುಮಾರು 320 ಕಿಲೋಮೀಟರ್, 36 ಲೆಗ್, ಅಂದರೆ ಒಬ್ಬೊಬ್ಬರು ಒಂದು ಸಲಕ್ಕೆ ಓಡುವ 36 ತುಂಡು. ಹಿಂದಿನ ಸಲ 33 ಗಂಟೆ ಹತ್ತಿರ ಹಿಡಿದಿತ್ತು. ಈ ಸಲ 31 ಗಂಟೆಯೊಳಗೆ ಮುಗಿಯಿತು. ತಂಡದಲ್ಲಿ ಹೆಚ್ಚುಕಡಿಮೆ ಅದೇ ಜನ. ತರಬೇತಿಯ ಕಿಲೋಮೀಟರೂ ಅಷ್ಟೇ. ಬದಲಾಗಿದ್ದು ಮುಖ್ಯವಾಗಿ ಗಾಡಿ ಮತ್ತು ನಿದ್ದೆ.

ರಿಲೇ ಓಡಿದವರಿಗೆ ಮೂಲ ಸಂಗತಿ ಗೊತ್ತೇ ಇದೆ, ಉಳಿದವರಿಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಒರೆಗಾನ್‌ನಲ್ಲಿ 1982ರಲ್ಲಿ ಶುರುವಾದ ಹುಡ್ ಟು ಕೋಸ್ಟ್ ಓಟದ ಮಾದರಿಯನ್ನೇ ಎಷ್ಟೋ ಕಡೆ ತೆಗೆದುಕೊಂಡಿದ್ದಾರೆ. 12 ಜನ, 36 ಲೆಗ್, ತಲೆಗೆ ಮೂರು ಸರದಿ, ಎರಡು ವ್ಯಾನ್. ಮೊದಲ ವ್ಯಾನಿನ ಆರು ಜನ ಒಬ್ಬರಾದ ಮೇಲೆ ಒಬ್ಬರು ಓಡುತ್ತಾರೆ, ಆಮೇಲೆ ಎರಡನೇ ವ್ಯಾನ್. ನಾವೂ ಹಾಗೇ ಮಾಡುತ್ತಿದ್ದೆವು. ಯಾಕೆ ಆರು ಅಂತ ಯಾರೂ ಕೇಳಿರಲಿಲ್ಲ. ದೊಡ್ಡ ವ್ಯಾನಿನಲ್ಲಿ ಆರು ಜನ, ಸಾಮಾನು, ಡ್ರೈವರ್ ಹಿಡಿಸುತ್ತಾರೆ, ಅಷ್ಟೇ.

ಈಗ ಲೆಕ್ಕ ನೋಡಿ. ನಮ್ಮ ತಂಡದ ಸರಾಸರಿ ಪೇಸ್ ಕಿಲೋಮೀಟರಿಗೆ ಐದೂವರೆಯಿಂದ ಆರು ನಿಮಿಷದ ನಡುವೆ. ಒಂದು ಲೆಗ್ ಹತ್ತಿರ ಹತ್ತಿರ 9 ಕಿಲೋಮೀಟರ್, ಅಂದರೆ 50 ನಿಮಿಷ. ಆರು ಲೆಗ್ ಮುಗಿಯಲು ಐದು ಗಂಟೆ. ಆ ಐದು ಗಂಟೆ ನಿಮ್ಮ ವ್ಯಾನ್ ದಾರಿಯಲ್ಲೇ ಇರಬೇಕು. ನೀವು ಓಡುವುದು 50 ನಿಮಿಷ, ಉಳಿದ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಬೇರೆಯವರಿಗಾಗಿ ಎಚ್ಚರ ಇರುವುದು. ಆಮೇಲೆ ಐದು ಗಂಟೆ ಬಿಡುವು ಸಿಗುತ್ತದೆ. ಹೆಸರಿಗೆ ಐದು. ಬಟ್ಟೆ ಬದಲಾಯಿಸಿ, ತಿಂದು, ಮುಂದಿನ ದೊಡ್ಡ ಎಕ್ಸ್‌ಚೇಂಜ್‌ಗೆ ಒಂದು ಗಂಟೆ ಗಾಡಿ ಓಡಿಸಿ, ಶೌಚಾಲಯದ ಸಾಲಿನಲ್ಲಿ ನಿಂತು, ಸರದಿಗೆ ಮುಕ್ಕಾಲು ಗಂಟೆ ಮೊದಲೇ ಎದ್ದು ತಯಾರಾಗುವಷ್ಟರಲ್ಲಿ ನಿಜವಾದ ನಿದ್ದೆಗೆ ಉಳಿಯುವುದು ಎರಡು ಗಂಟೆಯೂ ಇಲ್ಲ. ನನ್ನ ಮಟ್ಟಿಗೆ ಅದು ಒಂದೂವರೆ ಗಂಟೆ ದಾಟಿದ್ದೇ ಇಲ್ಲ.

ನಾಲ್ಕು ಜನರ ಗುಂಪು ಮಾಡಿದರೆ ಗಾಡಿ ದಾರಿಯಲ್ಲಿ ಇರುವುದು ಮೂರು ಗಂಟೆ ಇಪ್ಪತ್ತು ನಿಮಿಷ. ಬಿಡುವು ಆರು ಗಂಟೆ ನಲವತ್ತು ನಿಮಿಷ. ಗಾಡಿ ಓಡಿಸುವುದು, ತಿನ್ನುವುದು, ಕಾಯುವುದು ಎಲ್ಲ ಕಳೆದರೂ ಮೂರರಿಂದ ಮೂರೂವರೆ ಗಂಟೆ ಒಂದೇ ಸಮ ಮಲಗಬಹುದು. ಓಡುವ ಸರದಿ ಬದಲಾಗುವುದಿಲ್ಲ. ಒಂದರಿಂದ ಹನ್ನೆರಡರವರೆಗೆ ಅದೇ ಸಾಲು. ಒಬ್ಬನ ಎರಡು ಓಟದ ನಡುವಿನ ಅಂತರವೂ ಅದೇ ಒಂಬತ್ತು ಗಂಟೆ ಚಿಲ್ಲರೆ. ಆದರೆ ಆ ಒಂಬತ್ತು ಗಂಟೆ ತುಂಡು ತುಂಡಾಗುವ ಬದಲು ಒಂದು ದೊಡ್ಡ ತುಂಡಾಗಿ ಸಿಗುತ್ತದೆ. ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆ. ಎರಡು ಸುತ್ತು ಪೂರ್ತಿ ಆದವರಿಗೂ ಒಂದನ್ನೂ ಮುಗಿಸದವರಿಗೂ ಬೆಳಗಿನ ಲೆಗ್‌ನಲ್ಲಿ ಎಷ್ಟು ವ್ಯತ್ಯಾಸ ಅಂತ ಈ ಸಲ ಕಣ್ಣಾರೆ ನೋಡಿದೆವು.

ಹಿಂದೆ ಏನೇನಾಗಿತ್ತು ಅನ್ನುವುದನ್ನೂ ಹೇಳುತ್ತೇನೆ, ಯಾಕೆಂದರೆ ಅದೆಲ್ಲ ನಿದ್ದೆಗೇ ಬಂದು ಮುಟ್ಟುತ್ತದೆ. ಒಂದು ಸಲ ನಮ್ಮ ಓಟಗಾರ ರಾತ್ರಿ ಎರಡು ಗಂಟೆಗೆ ಎಕ್ಸ್‌ಚೇಂಜ್ ತಲುಪಿದ, ಸರದಿ ತಗೊಳ್ಳುವವರೇ ಇಲ್ಲ. ಮುಂದಿನವಳು ಐವತ್ತು ಹೆಜ್ಜೆ ಆಚೆ ವ್ಯಾನಿನಲ್ಲಿ ಸತ್ತಂತೆ ಮಲಗಿದ್ದಳು, ಡ್ರೈವರೂ ಮಲಗಿದ್ದ. ನೂರಾರು ವ್ಯಾನ್ ನಿಂತಿದ್ದ ಮೈದಾನದಲ್ಲಿ ಹುಡುಕಿ ಎಬ್ಬಿಸಿ ಕಳಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಬೆವರಿದ ಮೈಯಲ್ಲಿ ಚಳಿಗೆ ನಿಂತವನ ಮೂರನೇ ಲೆಗ್ ಕೂಡ ಅಲ್ಲಿಗೇ ಹಾಳಾಯಿತು. ಇನ್ನೊಂದು ಸಲ ಕವಲುದಾರಿಯಲ್ಲಿ ಬಾಣದ ಗುರುತಿಗೆ ಅಡ್ಡವಾಗಿ ಯಾರದೋ ವ್ಯಾನ್ ನಿಂತಿತ್ತು. ನಮ್ಮವರು ನೇರ ಹೋಗಿ ಎರಡು ಕಿಲೋಮೀಟರ್ ಜಾಸ್ತಿ ಓಡಿ ಬಂದರು. ಹಗಲಿನಲ್ಲಾಗಿದ್ದರೆ ಇನ್ನೂರು ಮೀಟರಿಗೇ ಅನುಮಾನ ಬರುತ್ತಿತ್ತು. ನಿದ್ದೆಗೆಟ್ಟ ತಲೆಗೆ ಅನುಮಾನವೂ ಬರುವುದಿಲ್ಲ. ಮೂರನೇ ಲೆಗ್‌ಗೆ ಬರುವಷ್ಟರಲ್ಲಿ ತಂಡದ ಅರ್ಧ ಜನ ಮೊದಲ ಲೆಗ್‌ಗಿಂತ ಕಿಲೋಮೀಟರಿಗೆ 40, 50 ಸೆಕೆಂಡ್ ನಿಧಾನ. ಕೆಲವರಿಗೆ ಒಂದು ನಿಮಿಷದ ಮೇಲೆ. ತರಬೇತಿ ಸಾಲದು ಅಂತ ಎಲ್ಲರೂ ಅಂದರು. ನಾನು ಒಪ್ಪಲಿಲ್ಲ. ಅದೇ ಜನ ಮನೆ ಹತ್ತಿರ ಒಂದೇ ದಿನದಲ್ಲಿ ಮೂರು ಸಲ ಓಡಿದಾಗ ಹೀಗೆ ಕುಸಿಯುತ್ತಿರಲಿಲ್ಲ ಅಲ್ವಾ?

ಮೂರು ಕಾರಿಗೆ ಮೊದಲ ಅಡ್ಡಿ ನಿಯಮ. ಇಂಥ ಓಟಗಳಲ್ಲಿ ತಂಡಕ್ಕೆ ಎರಡೇ ಗಾಡಿ ಅಂತ ಇರುವುದು ಸಾಮಾನ್ಯ, ಕಾರಣವೂ ಸರಿಯಾದದ್ದೇ. ಸಣ್ಣ ರಸ್ತೆಯಲ್ಲಿ ಸಾವಿರಾರು ಗಾಡಿ ಸೇರಿದರೆ ಓಡುವವರಿಗೇ ಅಪಾಯ. ಹಾಗಾಗಿ ನಾನು ಮೊದಲೇ ಆಯೋಜಕರಿಗೆ ಬರೆದೆ. ಒಂದು ಹೊತ್ತಿಗೆ ಓಟದ ದಾರಿಯಲ್ಲಿ ಎರಡಕ್ಕಿಂತ ಜಾಸ್ತಿ ಕಾರು ಇರುವುದಿಲ್ಲ, ಮಲಗುವ ಕಾರು ಹೊರದಾರಿ ಹಿಡಿದು ಹೋಗುತ್ತದೆ, ಎಕ್ಸ್‌ಚೇಂಜ್ ಒಳಗೆ ನಮ್ಮದು ಯಾವತ್ತೂ ಒಂದೇ ಕಾರು ಅಂತ ನಕ್ಷೆ ಸಮೇತ ಕಳಿಸಿದೆ. ಮೊದಲು ಆಗಲ್ಲ ಅಂದರು. ಎರಡನೇ ಸಲ ಗಂಟೆಗಂಟೆಯ ಪಟ್ಟಿ ಮಾಡಿ ಕಳಿಸಿದ ಮೇಲೆ ಒಪ್ಪಿದರು. ಎರಡು ಪಾಸ್ ಕೊಟ್ಟರು. ಕಾರು ಮೂರು, ಪಾಸ್ ಎರಡು. ಇದು ತೊಂದರೆ ಅಂತ ಎಲ್ಲರೂ ಹೆದರಿದರು, ಆದರೆ ತುಂಬಾ ಸರಳ. ಸರದಿ ಬದಲಾಗುವಾಗ ಹೋಗುವ ಕಾರು ತನ್ನ ಪಾಸನ್ನು ಬರುವ ಕಾರಿಗೆ ಕೊಡುತ್ತದೆ. ಬಂದ ಕಾರಿನ ಹತ್ತಿರ ಈಗ ಎರಡು ಪಾಸ್. ಅದು ನಾಲ್ಕು ಲೆಗ್ ಮುಗಿಸುವ ಮೊದಲೇ ಒಂದನ್ನು ಮೂರನೇ ಕಾರಿಗೆ ಕೊಡುತ್ತದೆ, ಹೊರಡುವಾಗ ಇನ್ನೊಂದನ್ನೂ ಕೊಡುತ್ತದೆ. ಹೀಗೆ ಓಟ ಮುಗಿಯುವವರೆಗೂ.

ಎರಡನೇ ಅಡ್ಡಿ ಎಕ್ಸ್‌ಚೇಂಜ್. ದೊಡ್ಡ ಎಕ್ಸ್‌ಚೇಂಜ್ ಇರುವುದು ಆರು ಲೆಗ್‌ಗೆ ಒಂದು. ಎರಡು ವ್ಯಾನ್ ನಿಲ್ಲಲು ಜಾಗ ಅಲ್ಲಿ ಮಾತ್ರ. ನಮ್ಮ ಕಾರು ಬದಲಾಗುವುದು 4, 8, 12, 16 ಹೀಗೆ. ಅದರಲ್ಲಿ 12 ಮತ್ತು 24 ಮಾತ್ರ ದೊಡ್ಡವು. ಉಳಿದ ಕಡೆ ಎರಡು ಕಾರು ಒಟ್ಟಿಗೆ ಒಳಗೆ ಹೋಗುವಂತಿಲ್ಲ. ಅದಕ್ಕೆ ನಾವು ಮಾಡಿದ್ದು ಹೀಗೆ. ಮುಗಿಸುವ ಗುಂಪಿನ ಕಾರು ತನ್ನ ಕೊನೆಯ ಓಟಗಾರನನ್ನು ಬಿಟ್ಟ ಮೇಲೆ ಎಕ್ಸ್‌ಚೇಂಜ್ ಒಳಗೆ ಹೋಗುವುದೇ ಇಲ್ಲ. ಅದಕ್ಕೂ ಒಂದು ಕಿಲೋಮೀಟರ್ ಆಚೆ, ಓಟದ ದಾರಿ ಬಿಟ್ಟು ಗೊತ್ತುಮಾಡಿದ ಜಾಗದಲ್ಲಿ ಕಾಯುತ್ತದೆ. ಒಳಗೆ ಇರುವುದು ಹೊಸ ಕಾರು. ಓಡಿ ಬಂದವರಿಗೆ ಹೊಸ ಕಾರಿನ ಡ್ರೈವರ್ ಒಂದು ಜಾಕೆಟ್, ಒಂದು ಬಾಟಲ್ ಕೊಡುತ್ತಾರೆ. ಅವರು ಕುಡಿಯುತ್ತಾ ಆ ಒಂದು ಕಿಲೋಮೀಟರ್ ನಡೆದು ತಮ್ಮ ಕಾರಿಗೆ ಬರುತ್ತಾರೆ. 'ಓಡಿ ಸುಸ್ತಾದವರನ್ನು ನಡೆಸುತ್ತೀಯಾ' ಅಂತ ತಂಡದಲ್ಲೇ ಜಗಳ ಆಗಿತ್ತು. ಈಗ ಅದನ್ನೇ ಎಲ್ಲರೂ ಹೊಗಳುತ್ತಾರೆ. ಓಡಿದ ತಕ್ಷಣ ಕಾರಿನಲ್ಲಿ ಮಡಚಿ ಕೂತವರ ಮೀನಖಂಡ ಕಲ್ಲಾಗುತ್ತದೆ. ಹತ್ತು ಹನ್ನೆರಡು ನಿಮಿಷ ನಡೆದವರಿಗೆ ಆ ಬಿಗಿತ ತುಂಬಾ ಕಡಿಮೆ. ಆಮೇಲೆ ಉಳಿದ ಓಟಗಾರರಿಗೂ, ಸರದಿ ಬದಲಾಗದ ಕಡೆಯೂ, ಇದೇ ನಡಿಗೆ ಹಚ್ಚಿದೆವು.

ಮೂರು ಕಾರಿನ ನಡುವೆ ಮಾತು ಹೇಗೆ? ಫೋನ್ ನಂಬಬೇಡಿ. ಇಂಥ ಓಟಗಳ ರಾತ್ರಿ ಲೆಗ್‌ಗಳು ಹೋಗುವುದೇ ಸಿಗ್ನಲ್ ಇಲ್ಲದ ಕಡೆ. ನಾವು ಕಾಗದದ ಪಟ್ಟಿ ಮಾಡಿಕೊಂಡೆವು. ಪ್ರತಿ ಎಕ್ಸ್‌ಚೇಂಜ್‌ಗೆ ಮೂರು ಹೊತ್ತು ಬರೆದಿದ್ದೆ. ಬೇಗ ಬಂದರೆ ಇಷ್ಟಕ್ಕೆ, ಸರಿಯಾಗಿ ಬಂದರೆ ಇಷ್ಟಕ್ಕೆ, ತಡ ಆದರೆ ಇಷ್ಟಕ್ಕೆ. ಹೊಸ ಕಾರು 'ಬೇಗ' ಅನ್ನುವ ಹೊತ್ತಿಗಿಂತ ಹದಿನೈದು ನಿಮಿಷ ಮೊದಲು ಅಲ್ಲಿರಬೇಕು. ಯಾರೂ ಯಾರಿಗೂ ಫೋನ್ ಮಾಡುವಂತಿಲ್ಲ. ಫೋನ್ ಬಂದರೆ ಏನೋ ಅನಾಹುತ ಅಂತಲೇ ಅರ್ಥ. ಇದರಿಂದ ಮಲಗಿದವರ ನಿದ್ದೆಯೂ ಉಳಿಯಿತು.

ಆ ಪಟ್ಟಿಯ ಅಂಕಿ ಹೇಗೆ ಬಂತು ಅಂತ ಕೇಳುತ್ತಾರೆ. ಪ್ರತಿಯೊಬ್ಬರ ಈಚಿನ 10 ಕಿಲೋಮೀಟರ್ ಪೇಸ್ ತೆಗೆದುಕೊಂಡೆ. ಮೊದಲ ಲೆಗ್‌ಗೆ ನೂರಕ್ಕೆ ಮೂರು ಸೇರಿಸಿದೆ, ರಾತ್ರಿ ಲೆಗ್‌ಗೆ ಏಳು, ಮೂರನೆಯದಕ್ಕೆ ಎಂಟು. ಏರು ಇದ್ದರೆ ಪ್ರತಿ 100 ಮೀಟರ್ ಎತ್ತರಕ್ಕೆ ಎರಡು ನಿಮಿಷ. ಇಳಿಜಾರಿಗೆ ಏನೂ ಕಳೆಯಲಿಲ್ಲ. ಇಳಿಜಾರಿನಲ್ಲಿ ಗಳಿಸಿದ್ದು ಮುಂದಿನ ಲೆಗ್‌ನಲ್ಲಿ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ. ಕೊನೆಯಲ್ಲಿ ನೋಡಿದರೆ ಇಡೀ ಓಟದಲ್ಲಿ ಪಟ್ಟಿಗೂ ನಿಜಕ್ಕೂ ಇದ್ದ ಅಂತರ ಸುಮಾರು ಇಪ್ಪತ್ತು ನಿಮಿಷ. ಇಷ್ಟು ಹತ್ತಿರ ಬರುವ ಪಟ್ಟಿಯನ್ನು ನಾನು ಬೇರೆ ಯಾವ ತಂಡದಲ್ಲೂ ನೋಡಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನು ದುಡ್ಡು. ಎಲ್ಲರೂ ಹೆದರುವುದು ಇಲ್ಲೇ. ಒಟ್ಟು ಖರ್ಚನ್ನು ನೂರು ಭಾಗ ಅಂದುಕೊಳ್ಳಿ. ಎರಡು ವ್ಯಾನ್ ಇದ್ದಾಗ ಪ್ರವೇಶ ಶುಲ್ಕ 35, ಗಾಡಿ ಬಾಡಿಗೆ 32, ಇಂಧನ 10, ಊಟ ನೀರು 10, ಹಿಂದಿನ ರಾತ್ರಿ ಉಳಿಯಲು 8, ಲೈಟು ಜಾಕೆಟ್ ಇತ್ಯಾದಿ 5. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು. ದೊಡ್ಡ ವ್ಯಾನಿನ ಬಾಡಿಗೆ ಯಾವಾಗಲೂ ದುಬಾರಿ. ಅದರ ಮೇಲೆ ಠೇವಣಿ ಬೇರೆ. ಒಂದು ಬಾಡಿಗೆ ಕಂಪನಿ ಸೀಟಿಗೆ ಕೆಸರು ಹತ್ತಿದೆ ಅಂತ ಠೇವಣಿಯಲ್ಲಿ ಅರ್ಧಕ್ಕರ್ಧ ಹಿಡಿದುಕೊಂಡಿತ್ತು. ಈಗ ಮೂರು ಕಾರಿನಲ್ಲಿ ಒಂದು ತಂಡದವರದೇ. ಎರಡಕ್ಕೆ ಮಾತ್ರ ಬಾಡಿಗೆ. ಹಾಗಾಗಿ ಬಾಡಿಗೆಯ 32 ಇಳಿದು 20ಕ್ಕೆ ಬಂತು. ಇಂಧನ 10 ಇದ್ದದ್ದು 12 ಆಯಿತು, ಅಷ್ಟೇ. ಸಣ್ಣ ಕಾರು ಕುಡಿಯುವುದೇ ಕಡಿಮೆ. ಸ್ವಂತ ಕಾರು ಕೊಟ್ಟವರಿಗೆ ಬಾಡಿಗೆಯ ಅರ್ಧದಷ್ಟು ತಂಡದಿಂದಲೇ ಕೊಟ್ಟೆವು. ಅದೆಲ್ಲ ಸೇರಿಸಿದರೂ ಹಿಂದಿಗಿಂತ ಕಡಿಮೆಯೇ. ಮೂರೂ ಬಾಡಿಗೆಗೆ ತೆಗೆದುಕೊಂಡಿದ್ದರೂ ವ್ಯಾನಿನ ಲೆಕ್ಕಕ್ಕೆ ಸರಿಸಮ ಬರುತ್ತಿತ್ತು.

ದುಡ್ಡು ಜಾಸ್ತಿ ಆದದ್ದು ಡ್ರೈವರ್‌ಗಳಿಂದ. ಓಡದ ಡ್ರೈವರ್ ಮೂರು ಜನ. ಅವರ ಊಟ, ವಸತಿ, ಟೀ ಶರ್ಟ್ ಎಲ್ಲ ಹನ್ನೆರಡು ಜನ ಹಂಚಿಕೊಂಡೆವು. ಅಂದರೆ ಹನ್ನೆರಡು ಜನ ಹದಿನೈದು ಜನರ ಖರ್ಚು ಹೊತ್ತರು. ಇದಕ್ಕೆ ಗೊಣಗಿದವರಿದ್ದರು. ನಾನು ಇದರಲ್ಲಿ ಬಗ್ಗಲಿಲ್ಲ. ಓಡಿದವರೇ ಗಾಡಿ ಓಡಿಸಿದ ವರ್ಷ ಬೆಳಗಿನ ಜಾವ ವ್ಯಾನ್ ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ. ಓಡುವವರು ಸ್ಟೀರಿಂಗ್ ಮುಟ್ಟಬಾರದು ಅನ್ನುವುದು ನಮ್ಮ ತಂಡದಲ್ಲಿ ಈಗ ಒಂದನೇ ನಿಯಮ. ಡ್ರೈವರ್‌ಗಳೂ ಮಲಗಬೇಕು. ಕಾರು ನಿಂತ ತಕ್ಷಣ ಮೊದಲು ಮಲಗುವುದು ಅವರೇ. ಗೊಣಗಿದವರಿಗೆ ಪ್ರವೇಶ ಶುಲ್ಕದ ಲೆಕ್ಕ ತೋರಿಸಿದೆ. ಕೊನೇ ತಿಂಗಳಲ್ಲಿ ಒಬ್ಬರು ಕೈಕೊಟ್ಟರೆ ಆಗುವ ನಷ್ಟ ಇದಕ್ಕಿಂತ ಜಾಸ್ತಿ. ಅದಕ್ಕೂ ಒಂದು ಕಟ್ಟುಪಾಡು ಮಾಡಿದೆವು. ಓಟಕ್ಕೆ ಒಂದು ತಿಂಗಳು ಇರುವಾಗ ಬಿಟ್ಟರೆ ಬದಲಿ ಓಟಗಾರರನ್ನು ಅವರೇ ತರಬೇಕು, ಇಲ್ಲದಿದ್ದರೆ ಅವರ ಪಾಲು ವಾಪಸ್ ಇಲ್ಲ. ಪೆಟ್ಟಾದವರಿಗೆ ಮಾತ್ರ ರಿಯಾಯಿತಿ.

ರಾತ್ರಿಗೆ ಯಾರನ್ನು ಓಡಿಸಬೇಕು? ಎಷ್ಟೋ ತಂಡಗಳು ವೇಗದವರನ್ನು ಹಗಲಿಗೆ ಇಟ್ಟುಕೊಂಡು ರಾತ್ರಿಯನ್ನು ಹೇಗೋ ಕಳೆದರೆ ಸಾಕು ಅಂತ ನೋಡುತ್ತವೆ. ನಾನು ಉಲ್ಟಾ ಯೋಚಿಸಿದೆ. ಸ್ವೀಡನ್‌ನಲ್ಲಿ 1945ರಿಂದ ನಡೆಯುತ್ತಿರುವ ಟಿಯೋಮಿಲಾ ಅಂತ ಒಂದು ರಿಲೇ ಇದೆ. ಕಾಡಿನಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಹತ್ತು ಜನ ರಾತ್ರಿಯಿಡೀ ಓಡುವುದು. ಅದರಲ್ಲಿ ಒಂದು ಲೆಗ್‌ಗೆ ಉದ್ದ ರಾತ್ರಿ ಅಂತಲೇ ಹೆಸರು. ಕತ್ತಲಲ್ಲೇ ಬರುವ ಉದ್ದದ ಲೆಗ್, ಅದಕ್ಕೆ ಗಟ್ಟಿ ಓಟಗಾರರನ್ನೇ ಇಡುತ್ತಾರೆ. ಕತ್ತಲಲ್ಲಿ ಕಳೆದುಕೊಳ್ಳುವ ಸಮಯವೇ ಜಾಸ್ತಿ, ಹಾಗಾಗಿ ಉಳಿಸಲು ಜಾಗ ಇರುವುದೂ ಅಲ್ಲೇ. ಸರದಿಯ ಸಾಲು ಒಂದು ಸಲ ಹಾಕಿದ ಮೇಲೆ ಬದಲಾಗುವುದಿಲ್ಲವಲ್ಲ, ಆದ್ದರಿಂದ ನಾನು ಎರಡನೇ ಸುತ್ತು ನೋಡಿ ಸಾಲು ಕೂಡಿಸಿದೆ, ಮೊದಲ ಸುತ್ತು ನೋಡಿ ಅಲ್ಲ. ರಾತ್ರಿ ಎರಡರಿಂದ ಐದರವರೆಗೆ ಬರುವ ಲೆಗ್‌ಗಳು ಯಾವುವು ಅಂತ ಪಟ್ಟಿಯಲ್ಲಿ ಗುರುತಿಸಿ, ಆ ಹೊತ್ತಿಗೆ ತಲೆ ನೆಟ್ಟಗಿರುವ ಜನರನ್ನು ಅಲ್ಲಿ ಕೂರಿಸಿದೆ. ಮೈಯ ಬಿಸಿ ಅತ್ಯಂತ ಕೆಳಗಿಳಿಯುವುದು ನಸುಕಿನ ನಾಲ್ಕು, ಐದರ ಹೊತ್ತಿಗೆ. ಆಗ ವೇಗಕ್ಕಿಂತ ದಾರಿ ತಪ್ಪದ ಬುದ್ಧಿ ಮುಖ್ಯ. ಅಂಥವರನ್ನು ಹೇಗೆ ಆರಿಸಿದೆ ಅನ್ನುವುದು ನಮ್ಮ ತಂಡದೊಳಗೇ ಇರಲಿ.

ಲೈಟಿನ ಮೇಲೆ ತುಂಬಾ ಪ್ರಯೋಗ ಮಾಡಿದೆವು. ತಲೆಗೆ ಕಟ್ಟುವ ಲೈಟು ಒಂದೇ ಇದ್ದರೆ ಬೆಳಕು ಕಣ್ಣಿನ ನೇರಕ್ಕೇ ಹೋಗುತ್ತದೆ, ನೆಲದ ಗುಂಡಿಗೆ ನೆರಳೇ ಬೀಳುವುದಿಲ್ಲ, ಎಲ್ಲ ಸಮತಟ್ಟಾಗಿ ಕಾಣುತ್ತದೆ. ಸೊಂಟಕ್ಕೆ ಕಟ್ಟಿದರೆ ನೆರಳು ಉದ್ದ ಬೀಳುತ್ತದೆ, ಗುಂಡಿ ಕಲ್ಲು ಎದ್ದು ಕಾಣುತ್ತವೆ, ಆದರೆ ತಿರುವಿನ ಬೋರ್ಡು ಕಾಣುವುದಿಲ್ಲ. ಕೊನೆಗೆ ಎರಡೂ. ಸೊಂಟದ್ದು ಯಾವಾಗಲೂ ಆನ್, ತಲೆಯದು ಕಡಿಮೆ ಬೆಳಕಿನಲ್ಲಿ. ತಲೆಗೆ 200 ಲ್ಯೂಮೆನ್ (ಬೆಳಕಿನ ಅಳತೆ) ಸಾಕು. ಮಂಜು ಇದ್ದಾಗ ತಲೆಯದನ್ನು ಆರಿಸಿಬಿಡಿ, ಅದು ಮಂಜಿಗೆ ಹೊಡೆದು ಬಿಳಿ ಗೋಡೆ ಮಾಡುತ್ತದೆ. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಬದಲಿ ಬ್ಯಾಟರಿಯನ್ನು ಚೀಲದಲ್ಲಿಡದೆ ಮೈಗೆ ತಾಗುವ ಜೇಬಿನಲ್ಲಿಡಿ. ಕಾರಿನೊಳಗೆ ಕೆಂಪು ಲೈಟು ಮಾತ್ರ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಯಾರೋ ಒಬ್ಬರು ಚಾರ್ಜರ್ ಹುಡುಕಲು ಬಿಳಿ ಲೈಟು ಹಾಕಿದರೆ ಅದೆಲ್ಲ ಒಂದು ಕ್ಷಣಕ್ಕೆ ಹೋಯಿತು.

ಕಾಫಿ ಪ್ರಯೋಗವೂ ಆಯಿತು. ಒಂದು ವಾರ ಕಾಫಿ ಬಿಟ್ಟು ಓಟದ ರಾತ್ರಿ ಕುಡಿದರೆ ಪರಿಣಾಮ ಜಾಸ್ತಿ ಅಂತ ಯಾರೋ ಹೇಳಿದ್ದನ್ನು ನಾಲ್ಕು ಜನ ಮಾಡಿ ನೋಡಿದರು. ಮೂರು ಜನರಿಗೆ ವಾರವಿಡೀ ತಲೆನೋವು. ಲಾಭ ಏನೂ ಕಾಣಲಿಲ್ಲ, ಬಿಟ್ಟೆವು. ಸರಿಹೋದದ್ದು ಇನ್ನೊಂದು. ಕಾಫಿ ಕುಡಿದ ಕೂಡಲೇ ಇಪ್ಪತ್ತು ನಿಮಿಷ ಮಲಗುವುದು. ಕೆಫೀನ್ ಕೆಲಸ ಶುರು ಮಾಡಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಒಂದು ಜೊಂಪು ಆಗಿರುತ್ತದೆ, ಎದ್ದಾಗ ಎರಡೂ ಕೂಡಿಬರುತ್ತವೆ. ಇದು ಅರ್ಧ ತಂಡಕ್ಕೆ ಒಗ್ಗಿತು, ಉಳಿದವರಿಗೆ ಎದೆ ಡವಡವ ಅಂದು ನಿದ್ದೆಯೇ ಬರಲಿಲ್ಲ. ಓಡಿ ಬಂದ ಮೇಲೆ ಕಾಫಿ ಪೂರ್ತಿ ನಿಷೇಧ. ಅದರಲ್ಲಿ ಅರ್ಧ ಐದಾರು ಗಂಟೆ ಆದ ಮೇಲೂ ಮೈಯಲ್ಲೇ ಇರುತ್ತದೆ, ಮಲಗುವ ಸರದಿ ಹಾಳು.

ಮಲಗುವ ಜಾಗದ ವಿಷಯದಲ್ಲಿ ನನ್ನ ಮಾತು ಕಡ್ಡಿ ಮುರಿದ ಹಾಗೆ. ದೊಡ್ಡ ಎಕ್ಸ್‌ಚೇಂಜ್ ಮೈದಾನದಲ್ಲಿ ಮಲಗಬೇಡಿ. ಗಾಡಿ ಬಾಗಿಲು ಬಡಿಯುವ ಸದ್ದು, ಮೈಕು, ಮುಖಕ್ಕೆ ಬೀಳುವ ಟಾರ್ಚು. ನಮ್ಮ ಮಲಗುವ ಕಾರು ಹೊರದಾರಿಯಲ್ಲಿ ಇದ್ದದ್ದೇ ದೊಡ್ಡ ಲಾಭ. ಮೊದಲೇ ನೋಡಿಟ್ಟ, ಕೇಳಿ ಒಪ್ಪಿಗೆ ಪಡೆದ ನಿಶ್ಶಬ್ದ ಜಾಗ. ಕಾರಿನಲ್ಲಿ ಐದು ಜನ ಮಲಗಲು ಆಗುವುದಿಲ್ಲ, ಹಾಗಾಗಿ ಇಬ್ಬರು ಕಾರಿನಲ್ಲಿ ಸೀಟು ಪೂರ್ತಿ ಬಗ್ಗಿಸಿ, ಮೂವರು ಪಕ್ಕದಲ್ಲಿ ಟೆಂಟಿನಲ್ಲಿ. ಕೂತು ಮಲಗಿದವರಿಗೆ ಕಾಲು ಊದುತ್ತದೆ, ಶೂ ಬಿಗಿಯಾಗುತ್ತದೆ. ಕಾಲು ಚಾಚಿ ಮಲಗಿದವರಿಗೆ ಹಾಗಾಗಲಿಲ್ಲ. ಕಣ್ಣಿಗೆ ಪಟ್ಟಿ, ಕಿವಿಗೆ ಇಯರ್‌ಪ್ಲಗ್ ಎಲ್ಲರಿಗೂ ಕಡ್ಡಾಯ. ಎದ್ದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟೇ ಓಡಬೇಕು, ಮಂಪರಿನಲ್ಲಿ ಓಡಿದರೆ ಕಾಲು ಉಳುಕುತ್ತದೆ. ಕಾಲಿಗೆ ಬಿಗಿ ಕಂಪ್ರೆಷನ್ ಕಾಲುಚೀಲ ಹಾಕಿ ಮಲಗಿದವರು, ಹಾಕದವರು ಅಂತ ಎರಡು ಗುಂಪು ಮಾಡಿ ನೋಡಿದೆವು, ಬೆಳಿಗ್ಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ತಣ್ಣೀರಿನಲ್ಲಿ ಕಾಲು ಇಳಿಬಿಟ್ಟವರು ಇನ್ನೂ ಬಿಗಿದುಕೊಂಡು ಎದ್ದರು.

ಹೊಟ್ಟೆ ಬಗ್ಗೆ ಸ್ವಲ್ಪ. ಓಡಿ ಬಂದ ಅರ್ಧ ಗಂಟೆಯೊಳಗೆ ತಿನ್ನಬೇಕು, ಆದರೆ ಭರ್ತಿ ಊಟ ಅಲ್ಲ. ಹಿಂದೊಮ್ಮೆ ಎರಡನೇ ಲೆಗ್ ಆದ ಮೇಲೆ ಮಧ್ಯರಾತ್ರಿ ಎಲ್ಲರೂ ಹೊಟ್ಟೆ ತುಂಬಾ ತಿಂದು ಮೂರನೇ ಲೆಗ್‌ನಲ್ಲಿ ನಾಲ್ಕು ಜನ ದಾರಿ ಬದಿಯಲ್ಲಿ ಕೂತಿದ್ದರು. ಈಗ ಬಾಳೆಹಣ್ಣು, ಬ್ರೆಡ್, ಉಪ್ಪು ಬೆರೆಸಿದ ಸಿಹಿನೀರು, ಒಂದೊಂದು ಗಂಟೆಗೆ ಸ್ವಲ್ಪ ಸ್ವಲ್ಪ. ನಾರು, ಕೊಬ್ಬು ಇರುವುದು ಏನೂ ಬೇಡ. ನಸುಕಿನ ನಾಲ್ಕು ಗಂಟೆಗೆ ಫ್ಲಾಸ್ಕಿನಲ್ಲಿ ಕೊಡುವ ಒಂದು ಬಿಸಿ ಪಾನೀಯ ಇದೆ. ಅದು ನಮ್ಮ ಒಬ್ಬ ಡ್ರೈವರ್ ಕೈಗುಣ, ಏನು ಹಾಕುತ್ತಾರೆ ಅಂತ ಹೇಳಬಾರದು ಅಂತ ಮಾತು ಕೊಟ್ಟಿದ್ದೇನೆ.

ತರಬೇತಿಯಲ್ಲಿ ಒಂದೇ ಒಂದು ಹೊಸದು ಸೇರಿಸಿದೆವು. ತಿಂಗಳಿಗೊಮ್ಮೆ ಶನಿವಾರ ಸಂಜೆ ಆರಕ್ಕೆ 8 ಕಿಲೋಮೀಟರ್, ರಾತ್ರಿ ಮೂರಕ್ಕೆ 8, ಬೆಳಿಗ್ಗೆ ಹನ್ನೊಂದಕ್ಕೆ 8. ವಾರದ ಒಟ್ಟು ಅಷ್ಟೇ ಇರಲಿ, ಉದ್ದದ ಓಟದ ಬದಲು ಇದು. ಜೊತೆಗೆ ಇಳಿಜಾರು. ಹುಡ್ ಟು ಕೋಸ್ಟ್ ಶುರುವಾಗುವುದೇ ಮೌಂಟ್ ಹುಡ್ ಪರ್ವತದಿಂದ ಕೆಳಗೆ. ಇಳಿಯುವುದು ಸುಲಭ ಅಂತ ಹೊಸಬರಿಗೆ ಅಂಥ ಲೆಗ್ ಕೊಡುವ ತಂಡಗಳಿವೆ. ಕೊಡಬೇಡಿ. ಇಳಿಯುವಾಗ ತೊಡೆಯ ಮುಂಭಾಗಕ್ಕೆ ಬೀಳುವ ಹೊಡೆತ ಕಾಣಿಸಿಕೊಳ್ಳುವುದು ಗಂಟೆಗಟ್ಟಲೆ ಆದ ಮೇಲೆ, ಸರಿಯಾಗಿ ಮೂರನೇ ಲೆಗ್‌ಗೆ. ಇಳಿಜಾರಿಗೆ ಮೊದಲೇ ಪಳಗಿದ ತೊಡೆ ಬೇಕು.

ಈ ಸಲ ರಾತ್ರಿ ಒಂದು ಅನಾಹುತ ಆಯಿತು, ಅದೇ ಮೂರು ಕಾರಿನ ಬೆಲೆಯನ್ನು ಎಲ್ಲರಿಗೂ ತೋರಿಸಿತು. ರಾತ್ರಿ ಎರಡೂವರೆ ಸುಮಾರಿಗೆ ಎರಡನೇ ಕಾರು ಹೊರದಾರಿಯಿಂದ 16ನೇ ಎಕ್ಸ್‌ಚೇಂಜ್‌ಗೆ ಬರುತ್ತಿದ್ದಾಗ ಟೈರು ಪಂಕ್ಚರ್. ಸ್ಟೆಪ್ನಿ ಎಲ್ಲ ಸಾಮಾನಿನ ಅಡಿಯಲ್ಲಿ. ಪುಣ್ಯಕ್ಕೆ ಸಿಗ್ನಲ್ ಇತ್ತು, ಮೊದಲ ಕಾರಿಗೆ ಫೋನ್ ಮಾಡಿದರು. ಆ ರಾತ್ರಿ ಬಂದ ಒಂದೇ ಫೋನ್ ಅದು. ಮೊದಲ ಕಾರು ಆಗಷ್ಟೇ ತನ್ನ ಕೊನೆಯ ಓಟಗಾರನನ್ನು ಬಿಟ್ಟಿತ್ತು, ಅವನು ಬರಲು ಇನ್ನೂ ನಲವತ್ತೈದು ನಿಮಿಷ. ಡ್ರೈವರ್ ನೇರ ಹೋಗಿ ಮುಂದೆ ಓಡಬೇಕಾದವರನ್ನೂ ಅವರ ನಂತರದವರನ್ನೂ ಹತ್ತಿಸಿಕೊಂಡು ಎಕ್ಸ್‌ಚೇಂಜ್‌ಗೆ ತಂದರು. ಏಳೆಂಟು ನಿಮಿಷ ಉಳಿದಿತ್ತು. ಒಂದು ನಿಮಿಷವೂ ನಷ್ಟ ಆಗಲಿಲ್ಲ. ಎರಡು ದೊಡ್ಡ ವ್ಯಾನ್ ಆಗಿದ್ದರೆ? ಓಡುತ್ತಿರುವವರ ವ್ಯಾನಿನಲ್ಲಿ ಇನ್ನೂ ಜನ ಹಿಡಿಸುತ್ತಿರಲಿಲ್ಲ, ಪಂಕ್ಚರ್ ಆದ ವ್ಯಾನಿನಲ್ಲಿ ಆರು ಜನ ಸಿಕ್ಕಿಹಾಕಿಕೊಂಡಿರುತ್ತಿದ್ದರು. ಈಗ ಸ್ಟೆಪ್ನಿ, ಜಾಕ್ ಮೇಲೆ ಏನೂ ಇಡುವುದಿಲ್ಲ. ಸಾಮಾನು ತಲೆಗೆ ಒಂದೇ ಚೀಲ, ಮೂರು ಜೊತೆ ಬಟ್ಟೆ ಮೂರು ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಬೇರೆ, ಓಡಿ ಬಿಚ್ಚಿದ ಒದ್ದೆ ಬಟ್ಟೆ ಅದೇ ಪ್ಲಾಸ್ಟಿಕ್‌ಗೆ ವಾಪಸ್.

ಫಲಿತಾಂಶದ ಅಂಕಿ. ರಾತ್ರಿ ಲೆಗ್‌ನಲ್ಲಿ ಮೊದಲ ಲೆಗ್‌ಗಿಂತ ಕಿಲೋಮೀಟರಿಗೆ ಸರಾಸರಿ 15 ಸೆಕೆಂಡ್ ನಿಧಾನ, ಮೂರನೆಯದರಲ್ಲೂ ಸುಮಾರು ಅಷ್ಟೇ. ಹಿಂದೆ ಇದು 30 ಮತ್ತು 45ರ ಹತ್ತಿರ ಇತ್ತು. ಉಳಿಸಿದ ಸೆಕೆಂಡನ್ನು ತಂಡದ ಆ ಎರಡು ಸುತ್ತಿನ ದೂರಕ್ಕೆ ಗುಣಿಸಿದರೆ ಅಲ್ಲೇ ಒಂದು ಗಂಟೆ ಇಪ್ಪತ್ತು ನಿಮಿಷ. ಉಳಿದದ್ದು ಎಕ್ಸ್‌ಚೇಂಜ್‌ನಲ್ಲಿ ಕಾಯದೆ, ದಾರಿ ತಪ್ಪದೆ ಉಳಿಸಿದ್ದು. ಇಬ್ಬರು ಮೂರನೇ ಲೆಗ್ ಅನ್ನು ಮೊದಲನೆಯದಕ್ಕಿಂತ ಬೇಗ ಓಡಿದರು. ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದ ಹಿರಿಯರು ಕೊನೆಯಲ್ಲಿ ನಮ್ಮ ಹೊತ್ತಿನ ಪಟ್ಟಿ ಕೇಳಿ ಇಸಿದುಕೊಂಡರು. ಸಂತೋಷದಿಂದ ಕೊಟ್ಟೆ.

ಮುಂದಿನ ಸಲ ಒಂದನ್ನು ಬದಲಾಯಿಸಬೇಕು ಅಂತಿದೆ. ಮೂರನೇ ಕಾರಿನವರಿಗೆ ಮೊದಲ ಸರದಿ ಬರುವಷ್ಟರಲ್ಲಿ ಆರೇಳು ಗಂಟೆ ಸುಮ್ನೆ ಕಾಯುವುದಾಗುತ್ತದೆ, ಅವರು ಬೆಳಿಗ್ಗೆ ತಡವಾಗಿ ಹೊರಟು ನೇರ ಎಂಟನೇ ಎಕ್ಸ್‌ಚೇಂಜ್‌ಗೇ ಬಂದರೆ ಹಿಂದಿನ ರಾತ್ರಿಯ ವಸತಿ ಖರ್ಚಿನಲ್ಲೂ ಮೂರನೇ ಒಂದು ಭಾಗ ಉಳಿಯುತ್ತದೆ. ಆದರೆ ಕೆಲವು ಓಟಗಳಲ್ಲಿ ಶುರುವಿಗೆ ಮೊದಲು ಹನ್ನೆರಡು ಜನರೂ ಸುರಕ್ಷತೆಯ ತಪಾಸಣೆಗೆ ನಿಲ್ಲಬೇಕು, ಲೈಟು ಜಾಕೆಟ್ ತೋರಿಸಬೇಕು ಅಂತ ಇರುತ್ತದೆ. ಆಯೋಜಕರಿಗೆ ಬರೆದಿದ್ದೇನೆ, ಉತ್ತರ ಬರಬೇಕು. ನೀವು ಮೂರು ಕಾರು ಮಾಡುವುದಾದರೂ ಇದೇ ಕ್ರಮ. ಮೊದಲು ಬರೆದು ಒಪ್ಪಿಗೆ ಪಡೆಯಿರಿ, ಆಮೇಲೆ ಶುಲ್ಕ ಕಟ್ಟಿ, ಆ ಒಪ್ಪಿಗೆಯ ಪ್ರತಿ ಮೂರೂ ಕಾರಿನಲ್ಲಿ ಇರಲಿ. ನಮ್ಮನ್ನು ರಾತ್ರಿ ಎರಡು ಕಡೆ ಕಾವಲಿನವರು ತಡೆದರು. ಕಾಗದ ತೋರಿಸಿದ ಮೇಲೆ ಬಿಟ್ಟರು.